ಹಿತ್ತಲಿನ ಚಪ್ಪಲಿಗಳು

ಜಲನಗರದ ನಮ್ಮ ಮನೆಯ ಮುಂಬಾಗಿಲಿನ ಮೆಟ್ಟಿಲ ಮೇಲೆ ಬೇಸಿಗೆಯಲ್ಲಿ ಒಂದು ಜೊತೆ ಚಪ್ಪಲಿಯೂ ಕಾಣುತ್ತಿರಲಿಲ್ಲ. ಒಳಗೆ ಮಾತ್ರ ಜನ ತುಂಬಿರುತ್ತಿದ್ದರು. ಹೊಸದಾಗಿ ಬಂದವರು ಖಾಲಿ ಮೆಟ್ಟಿಲು ನೋಡಿ, ವಕೀಲರು ಮನೆಯಲ್ಲಿಲ್ಲ ಎಂದುಕೊಂಡು ಗೇಟಿನಿಂದಲೇ ತಿರುಗಿ ಹೋದದ್ದೂ ಉಂಟು. ಮನೆಯ ಮುಖ ಪಶ್ಚಿಮಕ್ಕಿತ್ತು. ವಿಜಯಪುರದ ಬಿಸಿಲು ಗೊತ್ತಿರುವ ಯಾವನೂ ಹಾಗೆ ಕಟ್ಟುವುದಿಲ್ಲ, ಆದರೆ ಅಪ್ಪನಿಗೆ ಸಿಕ್ಕ ನಿವೇಶನ ಅಂಥದ್ದು. ಮಧ್ಯಾಹ್ನ ಹೊರಳಿದರೆ ಮೆಟ್ಟಿಲಿನ ಕರಿಕಲ್ಲು ರೊಟ್ಟಿ ಹಂಚಿನಂತೆ ಕಾಯುತ್ತಿತ್ತು. ಮುಂದಿನ ಖೋಲಿ ಅಪ್ಪನ ಆಫೀಸು, ಅದರ ಹಿಂದೆ ಪಡಸಾಲೆ, ಅದರಾಚೆ ಅಡುಗೆಮನೆ. ಅಡುಗೆಮನೆಯ ಹಿಂಬಾಗಿಲು ತೆರೆದರೆ ಹಿತ್ತಲು. ಅಲ್ಲಿ ಒಂದು ಬೇವಿನ ಮರ, ನೀರಿನ ಟಾಕಿ, ಬಟ್ಟೆ ಒಗೆಯುವ ಅಗಲವಾದ ಕಲ್ಲು. ಗೇಟಿನಿಂದ ಹಿತ್ತಲಿಗೆ ಮನೆಯ ಪಕ್ಕದಲ್ಲಿ ಒಂದು ಸಂದಿಯೂ ಇತ್ತು. ಅದಕ್ಕೂ ಅದೇ ಕರಿಕಲ್ಲು ಹಾಸಿದ್ದರಿಂದ ಬೇಸಿಗೆಯ ಮಧ್ಯಾಹ್ನ ಬರಿಗಾಲಲ್ಲಿ ಅಲ್ಲಿ ಕಾಲಿಡುವಂತಿರಲಿಲ್ಲ. ನಮ್ಮ ಮನೆಯ ನ್ಯಾಯವೆಲ್ಲ ನಡೆದದ್ದು ಈ ಬಿಸಿಕಲ್ಲಿನ ದಯೆಯಿಂದ ಎಂದರೆ ಓದುವವರಿಗೆ ತಮಾಷೆ ಎನಿಸಬಹುದು. ನನಗೆ ಮಾತ್ರ ಅದರಷ್ಟು ನಿಜವಾದ ಮಾತು ಇನ್ನೊಂದಿಲ್ಲ.

ಅಪ್ಪ ಒಳ್ಳೆಯ ವಕೀಲ. ತಿಕೋಟಾ, ಬಬಲೇಶ್ವರ ಕಡೆಯ ಊರುಗಳಿಂದ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಬದುವಿನ ಜಗಳ, ಹಾದಿಯ ಜಗಳ, ಬಾವಿಯ ಜಗಳ, ನಡುಗೋಡೆಯ ಜಗಳ. ಬಂದವನು ಎದುರಾಳಿಯ ಏಳು ತಲೆಮಾರು ಜಾಲಾಡಿ ಮುಗಿಸುವವರೆಗೆ ಅಪ್ಪ ಕನ್ನಡಕದ ಗಾಜು ಒರೆಸುತ್ತ ಕೂತಿರುತ್ತಿದ್ದ. ಆಮೇಲೆ ಒಂದೇ ಮಾತು ಕೇಳುತ್ತಿದ್ದ.

"ಇದೆಲ್ಲಾ ನಿನ್ನ ಮಾತಾತು. ಈಗ ಅಂವ ಇಲ್ಲಿ ಕುಂತಿದ್ರ ಏನ ಹೇಳ್ತಿದ್ದ, ಅದನ್ನ ಹೇಳು."

ಬಂದವನು ಪಿಳಿಪಿಳಿ ಕಣ್ಣು ಬಿಡುತ್ತಿದ್ದ. ಹೊಡೆದಾಡಲು ಬಂದವನಿಗೆ ಎದುರಾಳಿಯ ಪರವಾಗಿ ಮಾತಾಡು ಎಂದರೆ ಹೇಗಿರಬೇಡ! ಕೆಲವರು ಸಿಟ್ಟು ಮಾಡಿಕೊಂಡು ಬೇರೆ ವಕೀಲರ ಹತ್ತಿರ ಹೋದರು. ಉಳಿದವರು ತಲೆ ಕೆರೆದುಕೊಂಡು ಶುರು ಮಾಡಿದರೆ, ನಾಲ್ಕು ಮಾತು ಮುಗಿಯುವುದರೊಳಗೆ ದನಿ ಇಳಿದಿರುತ್ತಿತ್ತು. ಆಗ ಅಪ್ಪ, "ನೋಟೀಸು ಕೊಡೋ ಮೊದಲ ಒಂದ ಕಪ್ ಚಹಾ ಕೊಡೂಣು, ಅವನ್ನೂ ಕರಕೊಂಡ ಬಾ" ಎನ್ನುತ್ತಿದ್ದ. ಕೋರ್ಟಿಗೆ ರಜೆ ಇರುವ ಬೇಸಿಗೆಯಲ್ಲಿ ಇಂಥ ಚಹಾಗಳು ಹೆಚ್ಚು. ಬೇರೆ ವಕೀಲರು ಮಹಾಬಳೇಶ್ವರಕ್ಕೆ ಹೋದರೆ ನಮ್ಮಪ್ಪ ಜಗಳಗಂಟರನ್ನು ಮನೆಗೆ ಕರೆದು ಬೆವರುತ್ತಿದ್ದ.

ಚಪ್ಪಲಿಯ ಪದ್ಧತಿ ಶುರುವಾದದ್ದು ಕಳ್ಳಕವಟಗಿಯ ಇಬ್ಬರು ದ್ರಾಕ್ಷಿ ಬೆಳೆಗಾರರಿಂದ. ಬಸಪ್ಪ ಮತ್ತು ಹಸನಸಾಬ, ಅಕ್ಕಪಕ್ಕದ ತೋಟದವರು. ಹಸನಸಾಬನ ದ್ರಾಕ್ಷಿ ಒಣಗಿಸುವ ಶೆಡ್ಡಿಗೆ ಬಸಪ್ಪನ ತೋಟದ ಅಂಚಿನಿಂದ ಹಾದಿ ಇತ್ತು. ಬಸಪ್ಪ ಒಂದು ದಿನ ಅದಕ್ಕೆ ಮುಳ್ಳು ಬಡಿದ. ಹಣ್ಣು ಕಡಿಯುವ ಹೊತ್ತು, ಹಸನಸಾಬನಿಗೆ ದಿಕ್ಕು ತೋಚಲಿಲ್ಲ. ಅಪ್ಪ ಇಬ್ಬರನ್ನೂ ಮನೆಗೆ ಕರೆಸಿದ. ಅದರ ಹಿಂದಿನ ವಾರ ಯಾರದೋ ಹವಾಯಿ ಚಪ್ಪಲಿ ಮೆಟ್ಟಿಲಿನ ಕಾವಿಗೆ ಸೊಟ್ಟಗಾಗಿ ಅವರು ಕುಂಟುತ್ತ ಹೋಗಿದ್ದರು. ಅದು ಅವ್ವನ ಮನಸ್ಸಿನಲ್ಲಿ ಉಳಿದಿತ್ತು. ಆದ್ದರಿಂದ ಆ ದಿನ ಅವಳು ಬಂದವರ ಚಪ್ಪಲಿಗಳನ್ನೆಲ್ಲ ಒಂದು ಹಳೆಯ ಬುಟ್ಟಿಗೆ ಹಾಕಿ, ತನ್ನ ಚಪ್ಪಲಿ ಮೆಟ್ಟಿಕೊಂಡು ಸಂದಿಯಿಂದ ಹೋಗಿ ಬೇವಿನ ನೆರಳಲ್ಲಿ ಇಟ್ಟುಬಂದಿದ್ದಳು. ಅಷ್ಟೇ. ಅದರಲ್ಲಿ ಯಾವ ಯೋಜನೆಯೂ ಇರಲಿಲ್ಲ. ಒಳಗೆ ಮಾತಿಗೆ ಮಾತು ಬೆಳೆದು ಬಸಪ್ಪ ಎದ್ದು ನಿಂತ.

"ಹಾದಿ ಕೊಡೂದಿಲ್ಲಂದ್ರ ಕೊಡೂದಿಲ್ಲ! ಕೋರ್ಟಿಗಿ ಹೋಗ್ರಿ, ಎಲ್ಲಿಗರೆ ಹೋಗ್ರಿ!"

ಟವೆಲ್ ಹೆಗಲಿಗೆ ಬಡಿದುಕೊಂಡು ಧಡಧಡ ಹೊರಗೆ ಹೋದವನು ಮೆಟ್ಟಿಲ ಮೇಲೆ ಕುಣಿದು, ಹೋದಷ್ಟೇ ಬೇಗ ಒಳಗೆ ಬಂದ. ಮುಖ ಕೆಂಪಗಿತ್ತು. ಸಿಟ್ಟಿನಿಂದಲೋ ಕಾಲು ಸುಟ್ಟಿದ್ದರಿಂದಲೋ ಹೇಳಲಾರೆ. ಅವ್ವ ಅಡುಗೆಮನೆಯಿಂದಲೇ ಕೂಗಿ ಹೇಳಿದಳು.

"ಚಪ್ಪಲಿ ಹಿತ್ತಲದಾಗ ಅದಾವ್ರೀ ಅಣ್ಣಾರ. ಹಿಂಗ ಒಳಗಿಂದ ಬರ್ರಿ, ಸಂದ್ಯಾಗ ಕಾಲ ಸುಡತಾವ."

ಬೇರೆಯವರ ಅಡುಗೆಮನೆ ಹಾದು ಹೋಗುವ ಗಂಡಸಿಗೆ ಧಡಧಡ ಹೆಜ್ಜೆ ಹಾಕಲಾಗುವುದಿಲ್ಲ. ಬಸಪ್ಪ ಟವೆಲ್ ಸರಿಮಾಡಿಕೊಂಡು, ತಲೆ ತಗ್ಗಿಸಿ ಹಿತ್ತಲಿಗೆ ಬಂದ. ಅಲ್ಲಿ ಅವನ ಚಪ್ಪಲಿ ಹಸನಸಾಬನ ಚಪ್ಪಲಿಗೆ ತಾಗಿಕೊಂಡೇ ಇದ್ದವು. ಅವ್ವ ತಂಬಿಗೆ ನೀರು ಕೊಟ್ಟು ಮುಖ ತೊಳೆದುಕೊಳ್ಳಲು ಹೇಳಿದಳು. ತೊಳೆದ. ಮಜ್ಜಿಗೆ ಕೊಟ್ಟಳು. ಒಗೆಯುವ ಕಲ್ಲಿನ ಮೇಲೆ ಕೂತು ಕುಡಿದ. ಲೋಟ ಖಾಲಿಯಾಗುವ ಹೊತ್ತಿಗೆ ಅವನ ಹೊಟ್ಟೆಯೊಳಗಿನ ಮಾತು ಹೊರಬಂತು.

"ಹಾದಿ ಏನ್ ದೊಡ್ಡದಲ್ಲ ಬೇ. ಅವನ ಟ್ರ್ಯಾಕ್ಟರ್ ಹಾದು ನನ್ನ ಹೊಸಾ ಬಳ್ಳಿ ಮುರದು ಹೋಗ್ಯಾವ. ಕೂಸಿನಂಗ ಹಚ್ಚಿದ್ದೆ. ಬಂದು ಒಂದ ಮಾತ ಆಡಬೇಕೋ ಬ್ಯಾಡೋ?"

"ಇದನ್ನ ಒಳಗ ಯಾಕ ಹೇಳಲಿಲ್ರಿ?"

"ಅಷ್ಟ ಮಂದ್ಯಾಗ ಬಳ್ಳಿ ಸಲುವಾಗಿ ಹೆಂಗ ಅಳೂದು?"

"ನಾ ಹೇಳಲೇನು?"

ಬಸಪ್ಪ ಹೂಂ ಎಂದು ತಲೆ ಆಡಿಸಿದ. ಅವ್ವ ಚಹಾದ ಟ್ರೇ ಹಿಡಿದು ಒಳಗೆ ಹೋಗಿ ಹೇಳಿದಳು. ಹಸನಸಾಬ ಕೂತಲ್ಲಿಂದ ಎದ್ದುಬಿಟ್ಟ. ಬಳ್ಳಿ ಮುರಿದ ವಿಷಯವೇ ಅವನಿಗೆ ಗೊತ್ತಿರಲಿಲ್ಲ, ಡ್ರೈವರ್ ಮುಚ್ಚಿಟ್ಟಿದ್ದ. ಅವನೂ ನಮ್ಮ ಅಡುಗೆಮನೆ ಹಾದು ಹಿತ್ತಲಿಗೆ ಬಂದ. ಮುಂದಿನದನ್ನು ಕೇಳಬೇಡಿ, ಇಬ್ಬರು ದೊಡ್ಡ ಮೀಸೆಯ ಗಂಡಸರು ಬೇವಿನ ಬುಡದಲ್ಲಿ ನಿಂತು ಒಬ್ಬರಿಗೊಬ್ಬರು ಮಜ್ಜಿಗೆ ಕುಡಿಯಲು ಒತ್ತಾಯ ಮಾಡುತ್ತಿದ್ದರು. ಮುಳ್ಳು ತೆಗೆಸಿದ್ದೂ ಅಲ್ಲದೆ ಮುರಿದ ಸಾಲಿಗೆ ಹಸನಸಾಬನೇ ಹೊಸ ಬಳ್ಳಿ ಹಚ್ಚಿಕೊಟ್ಟ. ಆಮೇಲೆ ಪ್ರತಿ ವರ್ಷ ನಮ್ಮ ಮನೆಗೆ ಒಣದ್ರಾಕ್ಷಿ ಇಬ್ಬರ ಹೆಸರಿನಲ್ಲಿ ಒಂದೇ ಚೀಲದಲ್ಲಿ ಬರುತ್ತಿತ್ತು.

ಆ ದಿನದಿಂದ ಅವ್ವನ ಬುಟ್ಟಿಗೆ ಕೆಲಸ ಬಂತು. ಅಪ್ಪ ಅವ್ವ ಇದರ ಬಗ್ಗೆ ಕೂತು ಮಾತಾಡಿದ್ದನ್ನು ನಾನು ಕೇಳಿಲ್ಲ. ಆದರೆ ಯಾರಾದರೂ ಎದ್ದು ಹೊರಟರೆ ಅಪ್ಪ ತಡೆಯುವುದನ್ನು ನಿಲ್ಲಿಸಿದ. ಮೊದಲೆಲ್ಲ ತೋಳು ಹಿಡಿದು ಕೂರಿಸುತ್ತಿದ್ದವನು ಈಗ ಪೆನ್ನಿನ ಮುಚ್ಚಳ ಹಾಕಿ ಸುಮ್ಮನೆ ಕಾಯುತ್ತಿದ್ದ. ಹೋದವರು ಹಿತ್ತಲಿಗೆ ಹೋಗಿಯೇ ಹೋಗುತ್ತಾರೆ ಎಂದು ಅವನಿಗೆ ಗೊತ್ತು. ಅವ್ವನಿಗೆ ಕಾನೂನು ಗೊತ್ತಿರಲಿಲ್ಲ, ಗೊತ್ತಿದೆ ಎಂದು ತೋರಿಸಿಕೊಳ್ಳಲೂ ಇಲ್ಲ. ಬುದ್ಧಿವಾದ ಹೇಳುತ್ತಿರಲಿಲ್ಲ. ಬಿಸಿ ರೊಟ್ಟಿ, ಪುಂಡಿಪಲ್ಯ, ಮೇಲಷ್ಟು ಶೇಂಗಾಹಿಂಡಿ ಕೊಟ್ಟು ಕೇಳಿಸಿಕೊಳ್ಳುತ್ತಿದ್ದಳು. ಕೇಳಿದ್ದನ್ನು ಹೇಳಿದವರ ಒಪ್ಪಿಗೆ ಇಲ್ಲದೆ ಒಳಗೆ ಒಯ್ಯುತ್ತಿರಲಿಲ್ಲ. ಅಪ್ಪನಿಗೂ ಹೇಳುತ್ತಿರಲಿಲ್ಲ. ಈಗ ನಾನೇ ಮಧ್ಯಸ್ಥಿಕೆ ಮಾಡಲು ಕೂರುತ್ತೇನೆ. ಇಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿ ಮಾತಾಡಬೇಕು, ಒಬ್ಬರು ಹೇಳಿದ್ದನ್ನು ಅವರ ಅನುಮತಿ ಇಲ್ಲದೆ ಇನ್ನೊಬ್ಬರಿಗೆ ದಾಟಿಸಬಾರದು ಎಂದು ತರಬೇತಿಯಲ್ಲಿ ಹೇಳಿಕೊಟ್ಟಾಗ ಎಲ್ಲರೂ ಬರೆದುಕೊಳ್ಳುತ್ತಿದ್ದರು. ನನಗೆ ಮಾತ್ರ ಮಜ್ಜಿಗೆಗೆ ಹಾಕಿದ ಇಂಗಿನ ವಾಸನೆ ಮೂಗಿಗೆ ಬಡಿದು, ಅಷ್ಟು ಜನರ ನಡುವೆ ಕಣ್ಣು ತುಂಬಿ ಬಂತು.

ಹಾಗೆಂದು ಸಿಕ್ಕ ಜಗಳವನ್ನೆಲ್ಲ ತೇಪೆ ಹಾಕಿ ಕಳಿಸುವ ಮನೆಯಲ್ಲ ನಮ್ಮದು. ಅರಕೇರಿಯ ಕಸ್ತೂರಿ ಎಂಬ ಹೆಣ್ಣುಮಗಳು ಕೈಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದಳು. ಗಂಡ ಹೊಡೆದು ಮುರಿದ ಕೈ. ಹಿಂದೆಯೇ ಅವಳ ಗಂಡ, ಮಾವ ಬಂದು, "ರಾಜಿ ಮಾಡಸ್ತೀರಂತ ಕೇಳೇವ್ರಿ, ಮಾಡಸ್ರಿ" ಎಂದು ನಗುತ್ತ ಕೂತರು. ಅಪ್ಪನ ದನಿ ಬೇರೆಯಾಯಿತು.

"ಕೈ ಮುರಿಯೂದು ಜಗಳಲ್ಲ, ಗುನ್ಹೆ. ಇದಕ್ಕ ಇಲ್ಲಿ ಚಹಾ ಇಲ್ಲ. ಕೋರ್ಟಿನ್ಯಾಗ ಜಡ್ಜ್ ಸಾಹೇಬ್ರ ಮುಂದ ಮಾತಾಡೂಣು, ಏಳ್ರಿ."

ಅವರು ಎದ್ದು ಹೊರಟರು. ಅವತ್ತು ಮಾತ್ರ ಚಪ್ಪಲಿಗಳು ಬಿಟ್ಟಲ್ಲೇ, ಮೆಟ್ಟಿಲ ಮೇಲೆಯೇ, ಸುಡು ಬಿಸಿಲಿನಲ್ಲಿ ಇದ್ದವು. ಅವ್ವ ಮುಟ್ಟಿರಲಿಲ್ಲ. ಗಂಡನೆಂಬುವನು ಕಾದ ಚಪ್ಪಲಿ ಮೆಟ್ಟಿ ಹಾ ಹೂ ಎಂದು ಕುಣಿಯುತ್ತ ಗೇಟಿನವರೆಗೆ ಹೋದದ್ದನ್ನು ಅವ್ವ ಕಿಟಕಿಯಿಂದ ನೋಡಿದಳು, ನಾನು ಅವಳ ಸೆರಗಿನ ಮರೆಯಿಂದ ನೋಡಿದೆ. ಯಾವ ಜಗಳ ನೆರಳಿಗೆ ತರುವಂಥದ್ದು, ಯಾವುದನ್ನು ಬಿಸಿಲಲ್ಲೇ ಬಿಡಬೇಕು ಎಂಬುದನ್ನು ಇವತ್ತಿಗೂ ನಾನು ಅವತ್ತಿನ ಮೆಟ್ಟಿಲು ನೆನೆಸಿಕೊಂಡೇ ತೀರ್ಮಾನಿಸುತ್ತೇನೆ.

ಇಂಥ ಅವ್ವನಿಗೆ ತವರಿನಿಂದಲೇ ಪೆಟ್ಟು ಬಿತ್ತು. ಅವಳ ತವರು ಬಬಲೇಶ್ವರ. ಅಲ್ಲಿ ಅವಳ ಅಣ್ಣ ಗುರಪ್ಪ ಮಾವ ಅಜ್ಜನ ಜೊತೆ ಹೊಲ ನೋಡಿಕೊಂಡಿದ್ದ. ಪ್ರತಿ ನಾಗರಪಂಚಮಿಗೆ ಬುಲೆಟ್ ಮೇಲೆ ಬಂದು ತಂಗಿಯನ್ನು ಕರೆದುಕೊಂಡು ಹೋಗುತ್ತಿದ್ದ. ನಾನು ಮುಂದೆ ಪೆಟ್ರೋಲ್ ಟಾಕಿಯ ಮೇಲೆ, ಅವ್ವ ಹಿಂದೆ, ಅವಳ ಮಡಿಲಲ್ಲಿ ಶೇಂಗಾ ಉಂಡಿಯ ಡಬ್ಬಿ. ಗೇಟು ದಾಟಿದ ಕೂಡಲೇ ನಮ್ಮವ್ವ ಬೇರೆಯೇ ಹೆಂಗಸಾಗುತ್ತಿದ್ದಳು. ಅಣ್ಣನ ಬೆನ್ನಿಗೆ ಗುದ್ದಿ, "ಜೋರ ಓಡಸೋ" ಎನ್ನುತ್ತಿದ್ದಳು. ಅಲ್ಲಿ ಹೋಗಿ ಜೋಕಾಲಿ ಏರಿದರೆ ಇಳಿಸುವವರಿಲ್ಲ. ವರ್ಷವಿಡೀ ಊರವರ ಸಿಟ್ಟಿಗೆ ಮಜ್ಜಿಗೆ ಕೊಡುವವಳಿಗೆ ತನ್ನ ಮನಸ್ಸು ಬಿಚ್ಚಲು ಇದ್ದದ್ದು ಅದೊಂದೇ ಜಾಗ. ಒಂದು ಚಳಿಗಾಲ ಅಜ್ಜ ತೀರಿಕೊಂಡ. ಕೊನೆಯ ದಿನ ಮಧ್ಯಾಹ್ನ ಅವ್ವನನ್ನು ಹತ್ತಿರ ಕರೆದು, ಕಿವಿಯಲ್ಲಿ ಏನೋ ಹೇಳಿ ಕಣ್ಣು ಮುಚ್ಚಿದ. ಮಾವ ಆಗ ಹೊಲದಿಂದ ಬಂದು ಬಾಗಿಲಲ್ಲಿ ನಿಂತಿದ್ದ.

ಬೇಸಿಗೆ ಶುರುವಾಗುವ ಹೊತ್ತಿಗೆ ಅವ್ವನ ಹೆಸರಿಗೆ ಒಂದು ರಿಜಿಸ್ಟರ್ ಅಂಚೆ ಬಂತು. ರೊಟ್ಟಿ ಬಡಿಯುತ್ತಿದ್ದ ಕೈಯಲ್ಲೇ ಸಹಿ ಹಾಕಿ ಅಪ್ಪನಿಗೆ ಕೊಟ್ಟಳು. ಅಪ್ಪ ಓದಿ ಕನ್ನಡಕ ತೆಗೆದ. ಅದು ಕೇವಿಯಟ್. ಇಂಥವರು ನನ್ನ ಮೇಲೆ ದಾವೆ ಹಾಕುವ ಸಂಭವವಿದೆ, ಹಾಕಿದರೆ ನನ್ನ ಮಾತು ಕೇಳದೆ ಯಾವ ಆದೇಶವನ್ನೂ ಕೊಡಬೇಡಿ ಎಂದು ಮುಂಚೆಯೇ ಕೋರ್ಟಿಗೆ ಹೇಳಿಡುವ ಅರ್ಜಿ. ಹೇಳಿದವನು ಗುರಪ್ಪ ಮಾವ. ದಾವೆ ಹಾಕುವ ಸಂಭವ ಇರುವವಳು ಅವನ ಒಬ್ಬಳೇ ತಂಗಿ. ಬಬಲೇಶ್ವರದ ಕಟ್ಟೆಯ ಮೇಲೆ ಯಾರೋ ಪುಣ್ಯಾತ್ಮರು, "ನಿನ್ನ ತಂಗಿ ಗಂಡ ವಕೀಲ ಅದಾನ, ಬೆಳಗಾಗೂದ್ರಾಗ ಹೊಲದ ಮ್ಯಾಲ ಸ್ಟೇ ತರ್ತಾನ" ಎಂದು ಮಾವನ ಕಿವಿ ಊದಿದ್ದರು. ಬೀಗರು ವಕೀಲರಾದರೆ ಬರುವ ರೋಗ ಇದು. ಅವ್ವ ಹೊಲದ ಮಾತನ್ನು ಒಂದು ದಿನವೂ ಎತ್ತಿರಲಿಲ್ಲ.

"ಕೇಳಲಾರದಕ್ಕ ನನ್ನ ಕಳ್ಳಿ ಮಾಡ್ಯಾನ. ಈಗ ಕೇಳೇ ಕೇಳ್ತೀನಿ. ಹಾಕ್ರಿ ಕೇಸು!"

"ಹಾಕೂಣಂತ. ಹಾಕೂದು ಒಂದ ಮುಂಜಾನಿ ಕೆಲಸ. ಮುಗಿಯೂದು ಯಾವಾಗಂತ ಕೇಳಬ್ಯಾಡ. ನಮ್ಮ ಸುನೀ ಮದಿವ್ಯಾಗಿ ಇಕಿ ಮಕ್ಕಳು ಸಾಲಿಗಿ ಹೋಗಾಕತ್ತಿರ್ತಾವ. ಆಮ್ಯಾಲ ನೀ ಗೆದ್ದಿ ಅನಕೋ, ಪಂಚಮಿಗೆ ಎಲ್ಲಿ ಹೋಗ್ತಿ?"

ಕೊನೆಯ ಮಾತು ಅಪ್ಪ ಆಡಬಾರದಿತ್ತು. ಅವ್ವ ಬಡಿಯುತ್ತಿದ್ದ ರೊಟ್ಟಿಯನ್ನು ಮುದ್ದೆ ಮಾಡಿ ಪರಾತಕ್ಕೆ ಎಸೆದು ಎದ್ದಳು. ಅವಳು ಅತ್ತದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ. ಶಬ್ದವಿಲ್ಲದೆ, ಗೋಡೆಗೆ ಮುಖ ಮಾಡಿ. ನನಗೆ ಮಾವನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಅವನು ಕೊಡಿಸಿದ ರಿಬ್ಬನ್ನುಗಳನ್ನೆಲ್ಲ ಒಲೆಗೆ ಹಾಕಬೇಕೆಂದುಕೊಂಡೆ. ಕೆಂಪನೆಯದನ್ನು ಬಿಟ್ಟು.

ಆಮೇಲೆ ನಮ್ಮ ಮನೆಯಲ್ಲಿ ಮುಷ್ಕರ ಶುರುವಾಯಿತು. ಅಡುಗೆ ಆಗುತ್ತಿತ್ತು, ಮಾತಿರಲಿಲ್ಲ. ಅಪ್ಪನ ತಟ್ಟೆಗೆ ರೊಟ್ಟಿ ಬೀಳುವ ಸದ್ದಿನಲ್ಲೇ ಆ ದಿನದ ಹವಾಮಾನ ತಿಳಿಯಬೇಕು. ಬುಟ್ಟಿ ಅಟ್ಟಕ್ಕೆ ಹೋಯಿತು. ಬಂದವರ ಚಪ್ಪಲಿಗಳು ಮೆಟ್ಟಿಲ ಮೇಲೆ ಕಾಯತೊಡಗಿದವು. ಸಿಟ್ಟು ಬಂದವರು ಎದ್ದು, ಚಪ್ಪಲಿ ಸಿಕ್ಕ ಕೂಡಲೇ ಮೆಟ್ಟಿಕೊಂಡು, ಕಾಲು ಸುಟ್ಟ ಸಿಟ್ಟನ್ನೂ ಸೇರಿಸಿಕೊಂಡು ನೇರ ಗೇಟು ದಾಟುತ್ತಿದ್ದರು. ಅಪ್ಪ ಪೆನ್ನಿನ ಮುಚ್ಚಳ ಹಾಕಿ ಕಾದ, ಯಾರೂ ತಿರುಗಿ ಬರಲಿಲ್ಲ. ಆ ಬೇಸಿಗೆ ಒಂದು ಜಗಳವೂ ಚಹಾದಲ್ಲಿ ಮುಗಿಯಲಿಲ್ಲ. ಒಂದು ದಿನ ಅಪ್ಪ ಊಟಕ್ಕೆ ಕೂತಾಗ ಅವ್ವನಿಗೆ ಕೇಳುವಂತೆ ನನಗೆ ಹೇಳಿದ.

"ನಾ ವಕೀಲ ಅಂತ ತಿಳದಿದ್ದೆ, ಸುನೀ. ನಾ ಬರೇ ಬೋರ್ಡ್ ಇದ್ದೆ. ಆಫೀಸ್ ನಿಮ್ಮವ್ವಂದಿತ್ತು."

ಅವ್ವ ತಿರುಗಿ ನೋಡಲಿಲ್ಲ. ಆದರೆ ಅವತ್ತು ಅಪ್ಪನಿಗೆ ಮೊಸರು ಬಿತ್ತು.

ಅಪ್ಪ ಬಬಲೇಶ್ವರಕ್ಕೆ ಹೇಳಿಕಳಿಸಿದ್ದು ಅದಾದ ಮೇಲೆ. ಕೇಸು ಹಾಕುವ ಮುಂಚೆ ಒಮ್ಮೆ ಬಂದು ಎದುರಿಗೆ ಕೂತು ಮಾತಾಡು, ಬೇಕಿದ್ದರೆ ನಿನ್ನ ವಕೀಲರನ್ನೂ ಕರೆದುಕೊಂಡು ಬಾ ಎಂದು. ಮಾವ ಒಬ್ಬನೇ ಬರುವುದಾಗಿ ಹೇಳಿದ, ಜೊತೆಗೆ ಒಂದು ಕರಾರು ಹಾಕಿದ. ವಕೀಲರು ನಡುವೆ ಕೂರಬಾರದು. ಅಪ್ಪನಿಗೆ ಅದು ಅವಮಾನ ಎನಿಸಲಿಲ್ಲ.

"ಖರೇ ಐತಿ. ನಾ ಅಕಿ ಗಂಡ. ನಡುವ ಕೂಡಾಂವಗ ಎರಡೂ ಕಡಿ ಉಪ್ಪಿನ ಋಣ ಇರಬಾರದು."

ಆ ಜಾಗಕ್ಕೆ ಪಕ್ಕದ ಮನೆಯ ಇಮಾಮ್ ಚಾಚಾ ಬಂದರು. ಉರ್ದು ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ತಮಾಷೆ ಗೊತ್ತಿಲ್ಲದ ಮನುಷ್ಯ. ಅಪ್ಪನ ಪದ್ಧತಿ ಅವರಿಗೆ ಕಾಂಪೌಂಡಿನ ಆಚೆಯಿಂದ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಬಂದವರೇ ಮೊದಲ ಕೆಲಸವಾಗಿ ಅಪ್ಪನನ್ನು ಮನೆಯಿಂದ ಹೊರಗೆ ಹಾಕಿದರು. ಅಪ್ಪ ಹೋಗಿ ಚಾಚಾ ಅವರ ಜಗುಲಿಯಲ್ಲಿ ಕೂತ. ವಕೀಲನೊಬ್ಬನನ್ನು ಅವನದೇ ಆಫೀಸಿನಿಂದ ಓಡಿಸಿದ್ದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ.

ಮಾವ ಬಂದಾಗ ಬಿಸಿಲು ನೆತ್ತಿ ದಾಟಿತ್ತು. ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದ. ನನ್ನ ಕೆನ್ನೆ ಹಿಂಡಲಿಲ್ಲ. ಬೇರೆಯವರ ಮನೆಗೆ ಬಂದಂತೆ ಕುರ್ಚಿಯ ತುದಿಗೆ ಕೂತ. ಅವ್ವ, "ನೀರ ತರ್ತೀನಿ" ಎಂದು ಹೊರಗೆ ಹೋದವಳು ಸ್ವಲ್ಪ ತಡಮಾಡಿ ಬಂದು ಎದುರಿನ ಕುರ್ಚಿಯಲ್ಲಿ ಕೂತಳು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾನು ಪಡಸಾಲೆಯ ಕಂಬಕ್ಕೆ ಒರಗಿದ್ದೆ. ಇವತ್ತು ಮಾವ ಎದ್ದು ಹೋದರೆ ಇನ್ನು ಬುಲೆಟ್ ಇಲ್ಲ, ಜೋಕಾಲಿ ಇಲ್ಲ, ಅಣ್ಣನ ಬೆನ್ನಿಗೆ ಗುದ್ದುವ ಅವ್ವನೂ ಇಲ್ಲ ಎಂಬುದು ಆ ವಯಸ್ಸಿಗೂ ನನಗೆ ಅರ್ಥವಾಗಿತ್ತು. ಚಾಚಾ ಪಾಠ ಶುರುಮಾಡುವಂತೆ ಕೆಮ್ಮಿದರು.

"ಗುರಪ್ಪಾ, ನಿನ್ನ ಮಾತ ಆಮ್ಯಾಲ. ನಿನ್ನ ತಂಗಿಗಿ ಏನ ಬೇಕಾಗೇತಿ, ಅದನ್ನ ಹೇಳು."

"ಏನೈತ್ರಿ ಹೇಳೂದು? ಅರ್ಧಾ ಹೊಲ ಬೇಕಾಗೇತಿ."

ಚಾಚಾ ಅವ್ವನ ಕಡೆ ನೋಡಿದರು. "ಬರೋಬರಿ ಐತೇನು?"

"ತಪ್ಪ ಐತ್ರಿ."

"ತಪ್ಪ ಉತ್ತರ. ಮತ್ತೊಮ್ಮೆ ಹೇಳು."

"ಹಂಗಾರ ಬಾವಿ ಬೇಕಾಗಿರಬೇಕು."

"ಅದೂ ತಪ್ಪ," ಅಂದಳು ಅವ್ವ.

ಮಾವ ಬೆವರು ಒರೆಸಿಕೊಂಡ. ಶಾಲೆ ಬಿಟ್ಟು ಎಷ್ಟೋ ವರ್ಷವಾದ ಮೇಲೆ ಮತ್ತೆ ಬೆಂಚಿನ ಮೇಲೆ ನಿಲ್ಲಿಸಿದ ಹಾಗಿತ್ತು ಅವನ ಅವಸ್ಥೆ. ಚಾಚಾ ಈಗ ಅವ್ವನಿಗೆ ಹೇಳಿದರು, ಅಣ್ಣನಿಗೆ ಏನು ಬೇಕಾಗಿದೆ, ನೀನು ಹೇಳು. ಅವ್ವ ಸೆರಗು ಸರಿಮಾಡಿಕೊಂಡಳು. ನೆಲ ನೋಡುತ್ತ, ತಡೆಯದೆ ಹೇಳಿದಳು.

"ಹೊಲದ ನಡಬರಕ ಬಾವಿ ಐತ್ರಿ. ಹೊಲ ಎರಡ ತುಂಡಾದ್ರ ಬಾವಿ ಯಾರ ಕಡಿ ಬರ್ತೈತಂತ ಅಣ್ಣ ಹೆದರ್ಯಾನ. ದ್ರಾಕ್ಷಿ ಬಳ್ಳಿ ಈಗ ಚಿಗಿಯೂ ಹೊತ್ತು, ನೀರ ತಪ್ಪಿದ್ರ ಎಲ್ಲಾ ಹೋತು. ಅಪ್ಪನ ಸಂಗಾಟ ಹಗಲೆಲ್ಲಾ ದುಡದಾಂವ ಅಂವಾ, ನಾ ಅಲ್ಲ. ಅಪ್ಪ ಹೋಗೂ ಮುಂದ ಕರದದ್ದ ನನ್ನ. ನನ್ನ ಕಿವ್ಯಾಗ ಏನ ಹೇಳಿದ್ದ ಅಂತ ಇವಗ ಗೊತ್ತಿಲ್ಲ. ಹೊಲ ನನಗ ಕೊಡಂತ ಹೇಳ್ಯಾನಂತ ಇಂವ ತಿಳಕೊಂಡಾನ. ಅದಕ್ಕ ಇವಗ ನಿದ್ದಿ ಹತ್ತವಲ್ದು. ಹೊಲಕ್ಕಲ್ರಿ. ಅಪ್ಪ ತನಗ ಏನೂ ಹೇಳದ ಹ್ವಾದ ಅಂತ."

 ಮಾವನ ಪರ ವಕೀಲರು ಬಂದಿದ್ದರೂ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.  ಯಾರಿಗೂ ತೋರಿಸದ ಗಾಯದ ಮೇಲೆ ಬೆರಳಿಟ್ಟರೆ ಮನುಷ್ಯ ಮೊದಲು ಕೂಗಿಕೊಳ್ಳುತ್ತಾನೆ. ಮಾವನೂ ಕುರ್ಚಿ ಹಿಂದೆ ನೂಕಿ ಎದ್ದ.

"ಸಾಕ ಬಿಡ್ರಿ! ನನಗ ಯಾರ ಕರುಣೆನೂ ಬ್ಯಾಡ. ಕೋರ್ಟಿನ್ಯಾಗ ನೋಡೂಣು!"

ಹೊರಟೇಬಿಟ್ಟ. ಚಾಚಾ ಏಳಲಿಲ್ಲ, ಅವ್ವ ಏಳಲಿಲ್ಲ.  ಬಾಗಿಲ ಪರದೆ ಸರಿಸಿ ಮಾವ ಮೆಟ್ಟಿಲ ಮೇಲೆ ಕಾಲಿಟ್ಟ. ಹಾಗೇ ತೆಗೆದ. ಮೆಟ್ಟಿಲ ಮೇಲೆ ಚಪ್ಪಲಿ ಇರಲಿಲ್ಲ.

ಅವನು ಬಾಗಿಲಲ್ಲಿ ನಿಂತು ಆ ಖಾಲಿ ಕಲ್ಲನ್ನು ನೋಡುತ್ತಿದ್ದ. ಇಡೀ ಬೇಸಿಗೆ ಯಾರ ಚಪ್ಪಲಿಯನ್ನೂ ಮುಟ್ಟದ ಅವ್ವ, ಬುಟ್ಟಿ ಅಟ್ಟ ಸೇರಿದ್ದರಿಂದ, ಅಣ್ಣನ ಚಪ್ಪಲಿಯನ್ನು ಕೈಯಲ್ಲೇ ಎತ್ತಿಕೊಂಡು ಹೋಗಿದ್ದಳು. ನೀರು ತರುತ್ತೇನೆಂದು ಹೋದಾಗ ತಡವಾದದ್ದು ಅದಕ್ಕೇ.  ಈ ಮನೆಯಲ್ಲಿ ಚಪ್ಪಲಿ ಎಲ್ಲಿರುತ್ತವೆಂದು ಮಾವನಿಗೆ ಗೊತ್ತಿತ್ತು. ತಂಗಿಯ ಈ ಪದ್ಧತಿಯನ್ನು ಊರಲ್ಲಿ ಹೇಳಿ ನಗಿಸುತ್ತಿದ್ದವನೇ ಅವನು. ಆಫೀಸು, ಪಡಸಾಲೆ, ಅಡುಗೆಮನೆ ದಾಟಿ ನಿಧಾನವಾಗಿ ಹಿತ್ತಲಿಗೆ ಹೋದ. ಅಣ್ಣ ತಂಗಿಯ ಚಪ್ಪಲಿಗಳು ಬೇವಿನ ನೆರಳಲ್ಲಿ ಜೊತೆಯಾಗಿದ್ದವು. ಅವನು ಮೆಟ್ಟಲಿಲ್ಲ. ಒಗೆಯುವ ಕಲ್ಲಿನ ಮೇಲೆ ಕೂತ. ಅವ್ವ ಹೋಗಿ ಹಿಂಬಾಗಿಲ ಹೊಸ್ತಿಲಲ್ಲಿ ನಿಂತಳು. ಮಾವ ತಲೆ ಎತ್ತದೆ ಕೇಳಿದ.

"ಗಂಗೂ. ಅಪ್ಪ ಅವತ್ತ ಏನ ಹೇಳಿದ?"

"ಗುರಪ್ಪ ಮುಂಜಾನಿಂದ ಹೊಲದಾಗ ಅದಾನ, ಉಂಡಾನೇನ ಕೇಳವಾ, ಅಂದ."

"ಅಷ್ಟನ?"

"ಅಷ್ಟ. ಕೇಳೂದ್ರಾಗ ನೀ ಅಳಾಕ ಹತ್ತಿದಿ. ಆಮ್ಯಾಲ ಕೇಳೂದ ಉಳೀತು." ಅವ್ವನ ದನಿ ಒಡೆಯಿತು. "ಉಂಡಿಯೇನೋ ಅಣ್ಣಾ?"

ಮಾವ ಬೆಳಗಿನಿಂದ ಉಂಡಿರಲಿಲ್ಲ. ತಲೆ ಅಡ್ಡಡ್ಡ ಅಲ್ಲಾಡಿಸಿದ, ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವ್ವ ಒಲೆ ಹೊತ್ತಿಸಿದಳು. ಅವಳು ಬಡಿದದ್ದನ್ನು ಬಡಿದ ಹಾಗೆ ನಾನು ಬಿಸಿ ರೊಟ್ಟಿ ಒಯ್ದು ಕೊಟ್ಟೆ, ಮಾವ ಕಲ್ಲಿನ ಮೇಲೆ ಕೂತೇ ಉಂಡ. ಕಾಂಪೌಂಡಿನ ಆಚೆಯಿಂದ ಅಪ್ಪನ ತಲೆ ಒಮ್ಮೆ ಮೇಲೆದ್ದು ಹಿತ್ತಲನ್ನು ನೋಡಿ ತಟ್ಟನೆ ಮರೆಯಾಯಿತು.

ಬರವಣಿಗೆಗೆ ಕೂತದ್ದು ಊಟವಾದ ಮೇಲೆ. ಅಪ್ಪನಿಗೆ ಆಫೀಸಿಗೆ ಮರಳಲು ಅಪ್ಪಣೆ ಸಿಕ್ಕಿತು, ಆದರೆ ಬರೆಯಲು ಮಾತ್ರ. ಅವ್ವ ತನ್ನ ಪಾಲನ್ನು ಬಿಟ್ಟುಕೊಡಲಿಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ರಾಜಿ ಎಂದರೆ ಹೆಣ್ಣುಮಕ್ಕಳು ಬಿಟ್ಟುಕೊಡುವುದು ಎಂದು ತಿಳಿದವರು ಇವತ್ತಿಗೂ ನನ್ನೆದುರು ಬಂದು ಕೂರುತ್ತಾರೆ. ರಸ್ತೆ ಕಡೆಯ ಹೊಲ ಅವಳ ಹೆಸರಿಗೆ, ಸಾಗುವಳಿ ಅಣ್ಣನದು, ಬೆಳೆಯಲ್ಲಿ ಅವಳ ಭಾಗ ಅವಳಿಗೆ. ಬಾವಿ ಇಬ್ಬರದೂ, ಎಂದೂ ಒಡೆಯತಕ್ಕದ್ದಲ್ಲ. ಮಾವ ತನ್ನ ವಕೀಲರಿಗೆ ತೋರಿಸಿ ಒಪ್ಪಿಗೆ ತಂದ ಮೇಲೆಯೇ ನೋಂದಣಿ. ಎಲ್ಲ ಬರೆದು ಮುಗಿದಾಗ ಅವ್ವ ಹೇಳಿದಳು.

"ಇನ್ನೊಂದ ಐತಿ. ಪಂಚಮಿಗೆ ತಾನ ಬಂದು ಕರಕೊಂಡ ಹೋಗಬೇಕು. ಮಂದೀನ ಕಳಸಬಾರದು. ಅದನ್ನೂ ಬರೀರಿ."

"ಅದನ್ನೆಲ್ಲಾ ಪಾಲಪತ್ರದಾಗ ಬರಿಯಾಕ ಬರೂದಿಲ್ಲ," ಅಂದ ಅಪ್ಪ. "ನಾಳೆ ಅಂವ ಬರಲಿಲ್ಲಂದ್ರ ಯಾವ ಕೋರ್ಟ್ ಕರಸ್ತೈತಿ?"

"ವಕೀಲ್ರ," ಅಂದರು ಚಾಚಾ, "ನಿಮಗ ಮಾತಾಡಾಕ ಪರವಾನಗಿ ಇಲ್ಲ. ಬರೀರಿ."

ಅಪ್ಪ ಬರೆದ. ಹತ್ತಾರು ವರ್ಷ ವಕೀಲಿ ಮಾಡಿದವನು ಅಂಥ ಸಾಲನ್ನು ಬರೆದದ್ದು ಅದೊಂದೇ ಸಲವಂತೆ. ಮೊದಲು ಮುಖ ಗಂಟು ಹಾಕಿಕೊಂಡೇ ಬರೆದವನು ಕೊನೆಯಲ್ಲಿ "ಸ್ವತಃ" ಎಂಬುದರ ಕೆಳಗೆ ತಾನೇ ಒಂದು ಗೆರೆ ಎಳೆದ.

ಈಗ ನನ್ನ ಮುಂದೆ ಕೂರುವವರು ಚಪ್ಪಲಿ, ಬೂಟು ಮೆಟ್ಟಿಕೊಂಡೇ ಕೂರುತ್ತಾರೆ. ಎದ್ದು ಹೋಗಲು ಅವರಿಗೆ ಯಾವ ಅಡ್ಡಿಯೂ ಇಲ್ಲ, ಇರಲೂಬಾರದು. ಎದ್ದವರಿಗೆ ನಾನು ಹೇಳುವುದು ಇಷ್ಟೇ, ಹೋಗುವ ಮುಂಚೆ ಆ ಇನ್ನೊಂದು ಖೋಲಿಯಲ್ಲಿ ಕೂತು ಸ್ವಲ್ಪ ನೀರು ಕುಡಿಯಿರಿ. ಕೆಲವರು ಕುಡಿಯುತ್ತಾರೆ. ಕುಡಿದವರಿಗೆ, ನಿಮ್ಮಣ್ಣನಿಗೆ ಏನು ಬೇಕಾಗಿದೆ ಹೇಳಿ ನೋಡೋಣ ಎನ್ನುತ್ತೇನೆ. ತಪ್ಪು ಉತ್ತರ ಕೊಡುತ್ತಾರೆ. ನಾನು ಇಮಾಮ್ ಚಾಚಾ ಅವರಷ್ಟು ಗಟ್ಟಿಯಲ್ಲ, ನಕ್ಕುಬಿಡುತ್ತೇನೆ.

ಆ ವರ್ಷದ ಪಂಚಮಿಯ ಹಿಂದಿನ ದಿನ ಅವ್ವ ಬೆಳಗಿನಿಂದ ಗೇಟಿನ ಕಡೆ ನೋಡುತ್ತ ಉಂಡಿ ಕಟ್ಟಿದಳು. ನೋಡುತ್ತಿಲ್ಲವೆಂದು ತೋರಿಸಿಕೊಳ್ಳಲು ನನ್ನನ್ನು ಸುಮ್ಮಸುಮ್ಮನೆ ಬೈದಳು. ಮಧ್ಯಾಹ್ನದ ಹೊತ್ತಿಗೆ ಓಣಿಯ ತುದಿಯಲ್ಲಿ ಬುಲೆಟ್ ಸದ್ದಾಯಿತು. ಶ್ರಾವಣದ ಮೋಡ ಕವಿದು ಹನಿ ಉದುರುತ್ತಿತ್ತು. ಬಿಸಿಲಿನ ಸುಳಿವಿರಲಿಲ್ಲ, ಮೆಟ್ಟಿಲಿನ ಕಲ್ಲು ತಣ್ಣಗಿತ್ತು, ಅದರ ಮೇಲೆ ಅಪ್ಪನನ್ನು ನೋಡಲು ಬಂದವರ ಚಪ್ಪಲಿಗಳು ಆರಾಮಾಗಿ ಕೂತಿದ್ದವು. ಅವ್ವ ಬಾಗಿಲಿಗೆ ಬಂದಳು. ಗೇಟು ತೆರೆದು ಬಂದ ಮಾವ ಮೆಟ್ಟಿಲ ಹತ್ತಿರ ಬಂದು ನಿಂತ, ತಂಗಿಯನ್ನು ನೋಡಿದ, ಚಪ್ಪಲಿ ಬಿಡಲಿಲ್ಲ. ಹೊರಳಿ, ಒದ್ದೆ ಸಂದಿಯಿಂದ ನಡೆದು ಹಿತ್ತಲಿಗೆ ಹೋದ. ನಾನು ಅಡುಗೆಮನೆಯ ಕಿಟಕಿಗೆ ಓಡಿದೆ. ಬೇವಿನ ಬುಡದಲ್ಲಿ ಅವ್ವನ ಚಪ್ಪಲಿ ಇದ್ದವು. ಮಾವ ಬಗ್ಗಿ ತನ್ನವನ್ನು ಅವುಗಳ ಪಕ್ಕಕ್ಕೆ ಇಟ್ಟು, ಬರಿಗಾಲಲ್ಲಿ ಹಿಂಬಾಗಿಲಿನಿಂದ ಒಳಗೆ ಬಂದ.